ಬೆಳಿಗ್ಗೆ ಎಷ್ಟು ಹಾರತ್ತೆ?

ಮೈಸೂರಲ್ಲಿ ಹುಟ್ಟಿ ಬೆಳೆದವರಿಗೆ ಗಂಡಭೇರುಂಡ ಅಂದರೆ ಮನೆಮಂದಿ ಇದ್ದ ಹಾಗೆ. ಅರಮನೆಯಲ್ಲಿ, ಸರ್ಕಾರದ ಲಾಂಛನದಲ್ಲಿ, ದಿನಾ ಹತ್ತುವ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ, ಎಲ್ಲಿ ನೋಡಿದರೂ ಅದೇ ಎರಡು ತಲೆಯ ಹಕ್ಕಿ. ಅದು ಒಂದು ಕಾಲದಲ್ಲಿ ಇಂಗ್ಲೆಂಡಿನ ಯುದ್ಧವಿಮಾನ ಪಡೆಯೊಂದರ ಬ್ಯಾಡ್ಜಿನಲ್ಲೂ ಇತ್ತು ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿನಲ್ಲಿದ್ದಾಗ.

ಎರಡನೇ ಮಹಾಯುದ್ಧದ ಕಾಲ. 1941ರ ಜೂನ್‌ನಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತನ್ನ 129ನೇ ಸ್ಕ್ವಾಡ್ರನ್ನನ್ನು ಸ್ಪಿಟ್‌ಫೈರ್ ವಿಮಾನಗಳೊಂದಿಗೆ ಮತ್ತೆ ಕಟ್ಟಿತು. ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಗಾಗಿ ಅದಕ್ಕೆ 'ಮೈಸೂರು ಸ್ಕ್ವಾಡ್ರನ್' ಎಂಬ ಹೆಸರು, ಬ್ಯಾಡ್ಜಿಗೆ ನಮ್ಮ ಗಂಡಭೇರುಂಡ. 1942ರ ಡಿಯೆಪ್ ದಾಳಿಯಲ್ಲಿ ಅದು ಹಾರಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿ ಜರ್ಮನಿಯ ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿತು.

ಇದನ್ನು ಓದಿ ನಾನು ತಾತನ ಹತ್ತಿರ ಓಡಿದ್ದೆ. ತಾತ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ, ಅಂದರೆ ಈಗಿನ ಎಚ್‌ಎಎಲ್‌ನಲ್ಲಿ, ಫಿಟ್ಟರ್ ಆಗಿದ್ದು ರಿಟೈರ್ ಆದ ಮೇಲೆ ಕುವೆಂಪುನಗರಕ್ಕೆ ಬಂದವರು. ಪೂರ್ತಿ ಕೇಳಿಸಿಕೊಂಡು, "ಸಂತೋಷ. ಆದ್ರೆ ಅದು ನಮ್ಮ ವಿಮಾನ ಅಲ್ಲ ಮಗ, ನಾವು ಕೊಟ್ಟ ದುಡ್ಡು" ಅಂದರು. ಹಾಗಾದ್ರೆ ನಮ್ಮ ಹತ್ರ ಎಷ್ಟು ವಿಮಾನ ಇತ್ತು ತಾತ ಅಂದೆ. "ಎಷ್ಟಿತ್ತು ಅಂತ ಕೇಳ್ಬೇಡ ಕಣೋ. ಬೆಳಿಗ್ಗೆ ಎಷ್ಟು ಹಾರತ್ತೆ ಅಂತ ಕೇಳು."

ಈ ಪ್ರಶ್ನೆಯ ತೂಕ ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು.

ಭಾರತೀಯ ವಾಯುಪಡೆ 1932ರಲ್ಲಿ ಕಾಗದದ ಮೇಲೆ ಹುಟ್ಟಿತು. 1933ರ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ಶುರುವಾದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ. 1939ರಲ್ಲಿ ಯುದ್ಧ ಬಂದಾಗಲೂ ಇದ್ದದ್ದು ಒಂದೇ ಸ್ಕ್ವಾಡ್ರನ್. ಇಷ್ಟು ಚಿಕ್ಕ ಪಡೆಗೆ ಒಂದು ವಿಚಿತ್ರ ಸಂಕಟ ಇರುತ್ತದೆ. ಪೈಲಟ್ ತಯಾರಾಗಬೇಕಾದರೆ ವಿಮಾನ ಹಾರಬೇಕು. ಕಲಿಯುವ ಹುಡುಗ ದಬಕ್ಕಂತ ಇಳಿಸಿದರೆ ಚಕ್ರದ ಕಾಲು ಬಾಗುತ್ತದೆ, ವಿಮಾನ ಶೆಡ್ಡಿಗೆ ಹೋಗುತ್ತದೆ. ಅದು ಹೊರಗೆ ಬರೋವರೆಗೂ ಹುಡುಗ ಬೆಂಚಿನ ಮೇಲೆ. ಬಿಡಿಭಾಗ ಹಡಗಿನಲ್ಲಿ ಬರಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಇಲ್ಲಾಂದ್ರೆ ಒಂದು ವಿಮಾನವನ್ನು ಬಿಚ್ಚಿ ಇನ್ನೆರಡನ್ನು ಹಾರಿಸಬೇಕು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಮೂರೂ ಇರುತ್ತವೆ.

ಈ ಗಂಟನ್ನು ಬಿಡಿಸುವುದು ವರ್ಕ್‌ಶಾಪ್. ಮೈಸೂರು ಸಂಸ್ಥಾನದ ಇನ್ನೊಂದು ದುಡ್ಡು ಹೋದದ್ದು ಅಲ್ಲಿಗೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಸುಮಾರು 700 ಎಕರೆ ಜಾಗ ಕೊಟ್ಟಿತು, 25 ಲಕ್ಷ ರೂಪಾಯಿ ಪಾಲು ಹಾಕಿತು. 1942ರಲ್ಲಿ ಜಪಾನ್ ಹತ್ತಿರ ಬಂದಾಗ ಭಾರತ ಸರ್ಕಾರ ಕಾರ್ಖಾನೆಯನ್ನು ಕೈಗೆ ತೆಗೆದುಕೊಂಡಿತು. ವಾಲಚಂದ್ ಪಾಲು ಮಾರಿದರು. ಮೈಸೂರು ಆಡಳಿತ ಬಿಟ್ಟುಕೊಟ್ಟಿತು, ಪಾಲು ಮಾತ್ರ ಮಾರಲಿಲ್ಲ.

1943ರಿಂದ ಕಾರ್ಖಾನೆ ಅಮೆರಿಕನ್ ಸೇನೆಯ ರಿಪೇರಿ ಡಿಪೋ ಆಯಿತು. ಕ್ಯಾಟಲೀನಾ ಅನ್ನೋ ನೀರಿನ ಮೇಲೆ ಇಳಿಯುವ ವಿಮಾನಗಳು ರಿಪೇರಿಗಾಗಿ ಬಂದಿಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಹೌದು, ನೀವು ಟ್ರಾಫಿಕ್‌ನಲ್ಲಿ ನಿಂತು ನೊರೆ ನೋಡುವ ಅದೇ ಕೆರೆ! ಈ ವರ್ಷಗಳಲ್ಲಿ ಸಾವಿರಾರು ಹುಡುಗರ ಕೈ ಪಳಗಿತು. ಬಿಚ್ಚೋದು, ತೊಳೆಯೋದು, ಅಳೆಯೋದು, ಮತ್ತೆ ಕೂಡಿಸೋದು.

ಆ ಕೈಗಳ ಬೆಲೆ ಗೊತ್ತಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ. ದೇಶ ಹರಿದು ಹಂಚಿಹೋದಾಗ ವಾಯುಪಡೆಯೂ ಹಂಚಿಹೋಯಿತು. ನಮಗೆ ಉಳಿದದ್ದು ಏಳು ಫೈಟರ್ ಸ್ಕ್ವಾಡ್ರನ್, ಒಂದು ಸಾಗಾಣಿಕೆ ಸ್ಕ್ವಾಡ್ರನ್. ಎರಡೇ ತಿಂಗಳಲ್ಲಿ ಕಾಶ್ಮೀರ ಯುದ್ಧ. 1947ರ ಅಕ್ಟೋಬರ್ ಕೊನೆಯಲ್ಲಿ ಶ್ರೀನಗರಕ್ಕೆ ಮೊದಲು ಧಾವಿಸಿದ ಸ್ಪಿಟ್‌ಫೈರ್‌ಗಳು ಅಂಬಾಲದ ತರಬೇತಿ ಶಾಲೆಯವು. ಬಿತ್ತನೆಗೆ ಇಟ್ಟ ಬೀಜವನ್ನೇ ಬೇಯಿಸಿಕೊಂಡ ಹಾಗೆ. ಆವತ್ತು ಬೇರೆ ದಾರಿ ಇರಲಿಲ್ಲ, ಸರಿ. ಆದರೆ ನಾಳೆಯ ಪೈಲಟ್ ಯಾವುದರಲ್ಲಿ ಕಲಿಯಬೇಕು?

ಬಾಂಬರ್ ಅಂತೂ ಒಂದೂ ಇರಲಿಲ್ಲ. ಇದ್ದದ್ದು ಕಾನ್ಪುರದಲ್ಲಿ ಸಾಲಾಗಿ ಸತ್ತು ಬಿದ್ದಿದ್ದ ಲಿಬರೇಟರ್‌ಗಳು. ಅಮೆರಿಕದಿಂದ ಬ್ರಿಟಿಷರಿಗೆ ಎರವಲಾಗಿ ಬಂದವು. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲವೇ ಯಾರೂ ಬಳಸದಂತೆ ಹಾಳು ಮಾಡಬೇಕು ಎಂಬ ಕರಾರು. ಹಾಗಾಗಿ ಮೈಗೆ ತೂತು ಹೊಡೆದು, ಇಂಜಿನ್ನಿಗೆ ಮರಳು ಸುರಿದು ಹೋಗಿದ್ದರು. ಬೆಂಗಳೂರಿನ ತಂಡ ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಂದೇ ಒಂದು ಸಲ ಹಾರುವಷ್ಟು ಸರಿ ಮಾಡಿತು. ಟೆಸ್ಟ್ ಪೈಲಟ್ ಜಂಷೆಡ್ ಮುನ್ಷಿ ಅಂಥ 42 ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಸಲಿ ರಿಪೇರಿ ಆದದ್ದು ಇಲ್ಲಿ. 1948ರ ನವೆಂಬರ್‌ನಲ್ಲಿ, ಕಾಶ್ಮೀರದಲ್ಲಿ ಕದನ ಇನ್ನೂ ನಡೆಯುತ್ತಿರುವಾಗಲೇ, ಅವುಗಳಿಂದ 5ನೇ ಸ್ಕ್ವಾಡ್ರನ್ ಎದ್ದು ನಿಂತಿತು. ಲಿಬರೇಟರ್‌ಗಳು 1968ರವರೆಗೂ ನಮ್ಮಲ್ಲಿ ಸೇವೆಯಲ್ಲಿದ್ದವು.

ಬಿತ್ತನೆ ಬೀಜದ ಪ್ರಶ್ನೆಗೂ ಉತ್ತರ ಬಂದದ್ದು ಅದೇ ಶೆಡ್ಡುಗಳಿಂದ. ವಿ. ಎಂ. ಘಾಟಗೆ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. ಹಾರಿಸಿದವರು ಅದೇ ಮುನ್ಷಿ. ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ನಮ್ಮ ಹುಡುಗರು ಹಾರೋದಕ್ಕೆ ಕಲಿತದ್ದು ಅದರಲ್ಲೇ.

ಈಗ ಎರಡೂ ದೇಣಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಸರು ತಂದುಕೊಟ್ಟ ಮೈಸೂರು ಸ್ಕ್ವಾಡ್ರನ್ 1946ರ ಸೆಪ್ಟೆಂಬರ್‌ನಲ್ಲಿ ಬೇರೆ ನಂಬರಿನಲ್ಲಿ ಕರಗಿಹೋಯಿತು. ಹೆಸರಿಲ್ಲದೆ ಕೊಟ್ಟ ಆ 700 ಎಕರೆ ಇವತ್ತಿಗೂ ಕೆಲಸ ಮಾಡುತ್ತಿದೆ. 1974ರಲ್ಲಿ ಭಾರತ ಒಂದು ಲಿಬರೇಟರ್ ಅನ್ನು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಉಡುಗೊರೆ ಕೊಟ್ಟಿತು. ಇದನ್ನು ಹೇಳುವಾಗ ಮಾತ್ರ ತಾತ ಸ್ವಲ್ಪ ನಗುತ್ತಿದ್ದರು.

ತಾತ ಈಗಿಲ್ಲ. ನಾನು ಹೆಬ್ಬಾಳದ ಆಫೀಸಿನಲ್ಲಿ ಆನ್-ಕಾಲ್ ಡ್ಯೂಟಿ ಮಾಡುವವನು. ಎಷ್ಟು ಸರ್ವರ್ ಕೊಂಡಿದ್ದೀವಿ ಅಂತ ಮೀಟಿಂಗ್‌ನಲ್ಲಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಟಿವಿಯಲ್ಲಿ ಹೊಸ ವಿಮಾನ ಖರೀದಿಯ ಚರ್ಚೆ ಬಂದಾಗಲೂ ಅದೇ: ಎಷ್ಟು, ಎಷ್ಟು ಕೋಟಿ? ಬಿಡಿಭಾಗ ಎಲ್ಲಿಂದ ಬರುತ್ತೆ, ರಿಪೇರಿ ಯಾರು ಮಾಡ್ತಾರೆ, ಹುಡುಗರು ಯಾವುದರಲ್ಲಿ ಕಲೀತಾರೆ ಅಂತ ಯಾರಾದರೂ ಕೇಳಿದರೆ ಮಾತ್ರ ನಾನು ವಾಲ್ಯೂಮ್ ಜಾಸ್ತಿ ಮಾಡುತ್ತೇನೆ.