ಹೊಟ್ಟೆಹುಣ್ಣು: ಮಿರ್ಚಿಗೆ ಅಂಟಿದ ಅಪವಾದ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ದೀಪ ಹತ್ತುವ ಹೊತ್ತಿಗೆ ಮಿರ್ಚಿ, ಗಿರಮಿಟ್ಟಿನ ಗಾಡಿಗಳ ಸುತ್ತ ಜನ ಮುಗಿಬೀಳುತ್ತಾರೆ. ಆದರೆ ಬರೀ ವಾಸನೆ ತೆಗೆದುಕೊಂಡು ಮುಂದೆ ಸಾಗುವವರೂ ಉಂಟು. ಕೇಳಿದರೆ, ‘ಹೊಟ್ಯಾಗ ಅಲ್ಸರ್ ಐತ್ರೀ, ಖಾರ ಬಂದ್ ಮಾಡೇವಿ’ ಎಂಬ ಉತ್ತರ. ಬ್ಯಾಡಗಿಯ ನೆರೆಯಲ್ಲೇ ಇರುವ ಊರಿನಲ್ಲಿ ಇದು ಸಣ್ಣ ಶಿಕ್ಷೆಯೇನಲ್ಲ.

ಈ ಶಿಕ್ಷೆಗೆ ಆಧಾರ ಮಾತ್ರ ತೀರ ತೆಳು. ದೆಹಲಿಯ ವೈದ್ಯರು ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಊಟಕ್ಕೆ ದಿನವೂ 3 ಗ್ರಾಂ ಒಣಮೆಣಸಿನ ಪುಡಿ ಬೆರೆಸಿ ನೋಡಿದರು. ಹುಣ್ಣು ಮಾಯುವುದರಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸವೇ ಕಾಣಲಿಲ್ಲ. 1984ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ಖಾರ ತಿಂದರೆ ಕೆಲವರಿಗೆ ಉರಿಯುವುದು ನಿಜ. ಆದರೆ ಉರಿ ಬೇರೆ, ಹುಣ್ಣು ಬೇರೆ.

ಹಾಗಾದರೆ ಹುಣ್ಣು ಬರುವುದು ಎಲ್ಲಿಂದ? ಈ ಪ್ರಶ್ನೆ ದಕ್ಷಿಣ ಭಾರತದ ಮಿಷನ್ ಆಸ್ಪತ್ರೆಗಳನ್ನು ಬಹುಕಾಲ ಕಾಡಿತು. 1922 ಮತ್ತು 1924ರಲ್ಲಿ ಎವರೆಸ್ಟ್ ಏರಲು ಹೊರಟ ತಂಡಗಳಲ್ಲಿದ್ದ ಹೋವಾರ್ಡ್ ಸೋಮರ್ವೆಲ್, ನಂತರ ತಿರುವಾಂಕೂರಿನ ನೆಯ್ಯೂರಿನಲ್ಲಿ ನೆಲೆನಿಂತ ಶಸ್ತ್ರವೈದ್ಯ. ಹುಣ್ಣಿನ ರೋಗಿಗಳು ಅಲ್ಲಿ ಸಾಲುಗಟ್ಟಿ ಬರುತ್ತಿದ್ದರು. 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿದ್ದ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರೂ ಇದೇ ನೋಟವನ್ನು ಕಂಡರು. ಟೋವಿ ಬರೀ ಕತ್ತರಿಸಿ ಹೊಲಿಯುತ್ತ ಕೂರಲಿಲ್ಲ, ಎಲ್ಲಿ ಹುಣ್ಣು ಹೆಚ್ಚು, ಅಲ್ಲಿಯ ಜನ ಏನು ಉಣ್ಣುತ್ತಾರೆ ಎಂದು ದೇಶದುದ್ದಕ್ಕೂ ವಿಚಾರಿಸಿದರು. ಅಕ್ಕಿ ಉಣ್ಣುವ ಸೀಮೆಗಳಲ್ಲಿ ರೋಗ ಹೆಚ್ಚು, ಗೋಧಿ ಹಾಗೂ ಕಿರುಧಾನ್ಯ ಉಣ್ಣುವಲ್ಲಿ ಕಡಿಮೆ ಎಂಬುದು 1979ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ತಿರುಳು. ರೊಟ್ಟಿ ಉಣ್ಣುವವರು ಇದನ್ನು ಓದಿ ಮೀಸೆ ತಿರುವಿದರೆ ತಪ್ಪೇನಿಲ್ಲ.

ಆಗಿನ ಚಿಕಿತ್ಸೆ ಕಠಿಣ. ಆಮ್ಲವೇ ಅಪರಾಧಿ ಎಂಬ ನಂಬಿಕೆ. ಹಾಲು, ಸೋಡಾ, ಮೆತ್ತನೆ ಅನ್ನದಿಂದ ಗುಣವಾಗದಿದ್ದರೆ ಜಠರಕ್ಕೆ ಹೋಗುವ ವೇಗಸ್ ನರ ಕತ್ತರಿಸಿ, ಜಠರವನ್ನು ಸಣ್ಣಕರುಳಿಗೆ ಹೊಸದಾಗಿ ಜೋಡಿಸುತ್ತಿದ್ದರು. 1976ರಲ್ಲಿ ಸಿಮೆಟಿಡಿನ್, ಆಮೇಲೆ ರ‍್ಯಾನಿಟಿಡಿನ್ ಬಂದ ಮೇಲೆ ಕತ್ತರಿ ಕೆಳಗಿಳಿಯಿತು. ಆದರೂ ಗುಳಿಗೆ ಬಿಟ್ಟ ಕೆಲವೇ ತಿಂಗಳಲ್ಲಿ ಹುಣ್ಣು ಮರಳುತ್ತಿತ್ತು.

ಅದರ ಗುಟ್ಟು ರಟ್ಟಾದದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. ರಾಬಿನ್ ವಾರನ್ 1979ರಲ್ಲೇ ಜಠರದ ಪೊರೆಯ ಮೇಲೆ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡಿದ್ದರು. ಯುವ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿ ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೆಣಗಿದರೂ ಫಲವಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೇ ಉಳಿದಾಗ ಬ್ಯಾಕ್ಟೀರಿಯಾ ಬೆಳೆದಿತ್ತು. ಇವುಗಳಿಗೆ ಬೇಕಿದ್ದದ್ದು ಬರೀ ಸಮಯ! ಆಮ್ಲದಲ್ಲಿ ಜೀವಾಣು ಬದುಕುವುದೆಂದರೆ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಜಠರ ಊದಿಕೊಂಡದ್ದು ಎಂಡೋಸ್ಕೋಪಿಯಲ್ಲಿ ಕಂಡಿತು. 1989ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ನೆಲೆಗೊಂಡಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ದೊರೆಯಿತು.

ಇದರಿಂದ ಟೋವಿಯವರ ಪ್ರಶ್ನೆ ಮುಗಿಯಿತೆ? ಪೂರ್ತಿಯಾಗಿ ಇಲ್ಲ. ಭಾರತದಲ್ಲಿ ಈ ಸೋಂಕು ಬಾಲ್ಯದಲ್ಲೇ, ಹೆಚ್ಚಾಗಿ ಮನೆಯವರಿಂದಲೇ ತಗಲುತ್ತದೆ. ಪ್ರಾಯದವರಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ಲಿ ಇದೆ. ಅವರಲ್ಲಿ ಹುಣ್ಣಾಗುವುದು ಕೆಲವರಿಗೆ ಮಾತ್ರ. ಸೋಂಕು ಎಲ್ಲೆಡೆ ಇದ್ದರೂ ಹುಣ್ಣು ಸೀಮೆಯಿಂದ ಸೀಮೆಗೆ ಏಕೆ ಬದಲಾಗುತ್ತದೆ ಎಂದು ಅವರು ಇಳಿವಯಸ್ಸಿನಲ್ಲೂ ಬರೆಯುತ್ತಲೇ ಇದ್ದರು. ನೋವಿನ ಗುಳಿಗೆಗಳೂ ಹುಣ್ಣಿಗೆ ಮತ್ತೊಂದು ದೊಡ್ಡ ಕಾರಣವೆಂಬುದನ್ನು ಮರೆಯಬಾರದು.

ಕಾರಣ ಗೊತ್ತಾದರೂ ಈ ಜೀವಾಣು ಸುಲಭಕ್ಕೆ ಬಗ್ಗುವುದಿಲ್ಲ. ಅದು ಜಠರದ ಲೋಳೆಯೊಳಗೆ ಹುದುಗಿ, ಯೂರಿಯಾದಿಂದ ಅಮೋನಿಯ ತಯಾರಿಸಿ, ಸುತ್ತಲ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಆಮ್ಲದ ನಡುವೆ ಹಲವು ಆ್ಯಂಟಿಬಯಾಟಿಕ್‌ಗಳ ಬಲ ಕುಗ್ಗುತ್ತದೆ. ಆದ್ದರಿಂದ ಆಮ್ಲ ತಗ್ಗಿಸುವ ಔಷಧಿಯ ಜೊತೆ ಎರಡು ಆ್ಯಂಟಿಬಯಾಟಿಕ್, ಕೆಲವೊಮ್ಮೆ ಬಿಸ್ಮತ್ ಕೂಡ ಕೊಡುತ್ತಾರೆ. ಸಾಮಾನ್ಯವಾಗಿ ಹದಿನಾಲ್ಕು ದಿನದ ಚಿಕಿತ್ಸೆ. ಬಾಯಿ ಕಹಿ, ವಾಕರಿಕೆ ಸಾಮಾನ್ಯ. ನಾಲ್ಕನೇ ದಿನಕ್ಕೆ ಉರಿ ಶಮನವಾದೊಡನೆ ಗುಳಿಗೆ ಬಿಡುವವರು ಬಹಳ. ಅಲ್ಲೇ ಎಡವಟ್ಟು. ಅರೆಬರೆ ಔಷಧಿಗೆ ಸಾಯದೆ ಉಳಿದ ಜೀವಾಣು ಅದಕ್ಕೆ ಜಗ್ಗದಂತಾಗಬಹುದು. ಭೇದಿಗೆಂದು ಧಾರಾಳವಾಗಿ ನುಂಗಿದ ಮೆಟ್ರೊನಿಡಜೋಲ್ ನಮ್ಮಲ್ಲಿ ಇದರ ಮೇಲೆ ಬಹುಪಾಲು ಸೋತಿದೆ. ಕ್ಲಾರಿತ್ರೊಮೈಸಿನ್‌ಗೆ ಮಣಿಯದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆತಂಕದ ಜೀವಾಣುಗಳ ಪಟ್ಟಿಗೆ ಸೇರಿಸಿತು.

ಉರಿ ನಿಂತಿತೆಂದರೆ ಸೋಂಕು ಹೋಯಿತೆಂದಲ್ಲ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿದರಷ್ಟೇ ಅದು ಗೊತ್ತಾಗುವುದು. ಪರೀಕ್ಷೆಗೆ ಎರಡು ವಾರ ಮೊದಲೇ, ವೈದ್ಯರನ್ನು ಕೇಳಿ, ಒಮೆಪ್ರಜೋಲ್‌ನಂಥ ಗುಳಿಗೆ ನಿಲ್ಲಿಸಬೇಕು. ಇಲ್ಲವಾದರೆ ಸೋಂಕು ಒಳಗಿದ್ದರೂ ಫಲಿತಾಂಶ ಇಲ್ಲವೆಂದು ಬರಬಹುದು.