ಹಿಮಾಚಲ ಪ್ರದೇಶದ ಗಿರಿಧಾಮ ಪ್ರವಾಸ

ಹಿಮಾಚಲ ಪ್ರದೇಶದ ಗಿರಿಧಾಮ ಪ್ರವಾಸವೆಂದರೆ ಪಶ್ಚಿಮ ಹಿಮಾಲಯದ ಬೆಟ್ಟಸಾಲುಗಳಲ್ಲಿ ನೆಲೆಗೊಂಡಿರುವ ಶಿಮ್ಲಾ, ಮನಾಲಿ, ಧರ್ಮಶಾಲಾ, ಡಾಲ್‌ಹೌಸಿ, ಕಸೌಲಿ ಮೊದಲಾದ ಪಟ್ಟಣಗಳನ್ನು ಸಂದರ್ಶಿಸುವ ಪ್ರವಾಸ. ಈ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 1,400 ಮೀಟರಿನಿಂದ 2,200 ಮೀಟರಿನವರೆಗಿನ ಎತ್ತರದಲ್ಲಿವೆ. ದಕ್ಷಿಣ ಭಾರತದಿಂದ ಹೋಗುವವರು ಇದಕ್ಕೆ ಸಾಮಾನ್ಯವಾಗಿ ಒಂದು ವಾರವನ್ನು ಮೀಸಲಿಡುತ್ತಾರೆ. ಭೂಪಟದಲ್ಲಿ ಎಲ್ಲವೂ ಒಂದರ ಪಕ್ಕ ಒಂದಿರುವಂತೆ ಕಂಡರೂ ಇವು ಬೇರೆ ಬೇರೆ ಕಣಿವೆಗಳಿಗೆ ಸೇರಿದವು. ಶಿಮ್ಲಾ ಸಟ್ಲೆಜ್ ಮತ್ತು ಯಮುನೆಯ ಜಲಾನಯನಗಳ ನಡುವಣ ಏಣಿನ ಮೇಲಿದೆ. ಮನಾಲಿ ಬಿಯಾಸ್ ನದಿಯ ಮೇಲ್ಕಣಿವೆಯಲ್ಲಿದೆ. ಧರ್ಮಶಾಲಾ ಧೌಲಾಧಾರ್ ಪರ್ವತಸಾಲಿನ ದಕ್ಷಿಣದ ಇಳಿಜಾರಿನಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಹುಪಾಲು ಒಂದು ಹಗಲು ಪೂರ್ತಿ ಬೇಕು. ಆದ್ದರಿಂದ ಏಳು ದಿನಗಳ ಪ್ರವಾಸದಲ್ಲಿ ಎರಡು, ಹೆಚ್ಚೆಂದರೆ ಮೂರು ಊರುಗಳನ್ನು ಮಾತ್ರ ನೆಮ್ಮದಿಯಾಗಿ ನೋಡಲು ಸಾಧ್ಯ.

ಹಿನ್ನೆಲೆ

ಈ ಪಟ್ಟಣಗಳಲ್ಲಿ ಹೆಚ್ಚಿನವು ಇಂದಿನ ರೂಪವನ್ನು ಪಡೆದದ್ದು ಬ್ರಿಟಿಷರ ಕಾಲದಲ್ಲಿ. 1814ರಿಂದ 1816ರವರೆಗೆ ನಡೆದ ಗೂರ್ಖಾ ಯುದ್ಧದ ಫಲವಾಗಿ ಶಿಮ್ಲಾದ ಸುತ್ತಮುತ್ತಲ ಬೆಟ್ಟಗಳು ಈಸ್ಟ್ ಇಂಡಿಯಾ ಕಂಪನಿಯ ಪ್ರಭಾವಕ್ಕೆ ಒಳಪಟ್ಟವು. 1822ರಲ್ಲಿ ಚಾರ್ಲ್ಸ್ ಪ್ರ್ಯಾಟ್ ಕೆನಡಿ ಎಂಬ ಅಧಿಕಾರಿ ಅಲ್ಲಿ ಮೊದಲ ಪಕ್ಕಾ ಮನೆಯನ್ನು ಕಟ್ಟಿಸಿದನು. ಬಯಲುಸೀಮೆಯ ಬಿಸಿಲು ಮತ್ತು ರೋಗಗಳಿಂದ ಪಾರಾಗಲು ಸೈನಿಕರೂ ಅಧಿಕಾರಿಗಳೂ ಬೆಟ್ಟವೇರತೊಡಗಿದರು. ಕಸೌಲಿಯಲ್ಲಿ 1842ರಲ್ಲಿ ದಂಡುಪ್ರದೇಶ ಸ್ಥಾಪನೆಯಾಯಿತು. 1854ರಲ್ಲಿ ಗವರ್ನರ್ ಜನರಲ್‌ನ ಹೆಸರಿನಲ್ಲಿ ಡಾಲ್‌ಹೌಸಿ ಪಟ್ಟಣ ಹುಟ್ಟಿತು. 1864ರಲ್ಲಿ ಶಿಮ್ಲಾವನ್ನು ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿಯೆಂದು ಘೋಷಿಸಲಾಯಿತು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಸರ್ಕಾರ ತನ್ನ ಕಡತ, ಗುಮಾಸ್ತರ ಸಮೇತ ಬೆಟ್ಟವೇರಿ ಇಳಿಯುವುದು ಪದ್ಧತಿಯಾಯಿತು.

ತಂಗಾಳಿ ಮತ್ತು ನೋಟಕ್ಕಾಗಿ ಬ್ರಿಟಿಷರು ಹಲವು ಊರುಗಳನ್ನು ಬೆಟ್ಟದ ನೆತ್ತಿಯ ಮೇಲೆ ಕಟ್ಟಿದರು. ನೆತ್ತಿಯ ಮೇಲೆ ನದಿ ಹರಿಯುವುದಿಲ್ಲ. ಈ ಪಟ್ಟಣಗಳ ನೀರಿನ ಸಮಸ್ಯೆಯ ಬೇರು ಅಲ್ಲಿಯೇ ಇದೆ.

ದಾರಿ ಮತ್ತು ದೂರ

ಹಿಮಾಚಲಕ್ಕೆ ಎರಡು ಮುಖ್ಯ ಹೆಬ್ಬಾಗಿಲುಗಳಿವೆ. ಪೂರ್ವದ ಕಡೆಯಿಂದ ಚಂಡೀಗಡ ಮತ್ತು ಕಾಲ್ಕಾ ಮೂಲಕ ಶಿಮ್ಲಾ, ಕುಲ್ಲು, ಮನಾಲಿಗಳಿಗೆ. ಪಶ್ಚಿಮದ ಕಡೆಯಿಂದ ಪಂಜಾಬಿನ ಪಠಾಣ್‌ಕೋಟ್ ಮೂಲಕ ಧರ್ಮಶಾಲಾ, ಡಾಲ್‌ಹೌಸಿಗಳಿಗೆ ಹೋಗುವುದು ಅನುಕೂಲ. ಶಿಮ್ಲಾ ಬಳಿಯ ಜುಬ್ಬರ್‌ಹಟ್ಟಿ, ಕುಲ್ಲು ಬಳಿಯ ಭುಂತರ್ ಮತ್ತು ಧರ್ಮಶಾಲಾ ಬಳಿಯ ಗಗ್ಗಲ್‌ಗಳಲ್ಲಿ ಸಣ್ಣ ವಿಮಾನ ನಿಲ್ದಾಣಗಳಿವೆ. ಮೋಡ ಮುಸುಕಿದಾಗ ಇವುಗಳ ವಿಮಾನಗಳು ರದ್ದಾಗುವುದುಂಟು.

ಕರ್ನಾಟಕದಿಂದ ಹೋಗುವವರಿಗೆ ಯಶವಂತಪುರದಿಂದ ಚಂಡೀಗಡದವರೆಗೆ ಸಂಪರ್ಕ ಕ್ರಾಂತಿ ರೈಲು ಇದೆ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿಗೆ ಹೋಗಿ, ಅಲ್ಲಿಂದ ಕಾಲ್ಕಾ ರೈಲನ್ನು ಏರುವುದು ಇನ್ನೊಂದು ಬಗೆ. ಬೆಂಗಳೂರಿನಿಂದ ದೆಹಲಿಗೇ ರೈಲಿನಲ್ಲಿ ಎರಡು ರಾತ್ರಿಗಳು ಕಳೆಯುತ್ತವೆ. ಮನೆಯಿಂದ ಮನೆಗೆ ಏಳೇ ದಿನಗಳೆಂದು ಲೆಕ್ಕ ಹಾಕಿದವರಿಗೆ, ಹೋಗಿಬರುವ ರೈಲಿನ ದಿನಗಳನ್ನು ಕಳೆದರೆ, ಬೆಟ್ಟದಲ್ಲಿ ಉಳಿಯುವುದು ಎರಡು ಮೂರು ದಿನ ಮಾತ್ರ. ‘ಒಂದು ವಾರ’ ಎಂಬುದು ಮನೆ ಬಿಟ್ಟ ದಿನದಿಂದಲೋ ಚಂಡೀಗಡ ಮುಟ್ಟಿದ ದಿನದಿಂದಲೋ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಬೆಟ್ಟದ ರಸ್ತೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಚಂಡೀಗಡದಿಂದ ಶಿಮ್ಲಾಕ್ಕೆ ಸುಮಾರು 115 ಕಿ.ಮೀ. ಶಿಮ್ಲಾದಿಂದ ಮಂಡಿಯ ಮಾರ್ಗವಾಗಿ ಮನಾಲಿಗೆ ಸುಮಾರು 250 ಕಿ.ಮೀ. ಬಯಲಿನಲ್ಲಿ ನಾಲ್ಕು ಗಂಟೆಗಳಲ್ಲಿ ಕ್ರಮಿಸಬಹುದಾದ ಈ ದೂರಕ್ಕೆ ಬೆಟ್ಟದಲ್ಲಿ ಏಳರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ಮನಾಲಿಯಿಂದ ಧರ್ಮಶಾಲಾಕ್ಕೂ ಹೆಚ್ಚುಕಡಿಮೆ ಇಷ್ಟೇ ದೂರ, ಇಷ್ಟೇ ಹೊತ್ತು. ಧರ್ಮಶಾಲಾದಿಂದ ಪಠಾಣ್‌ಕೋಟ್ ಮಾತ್ರ ಸುಮಾರು 90 ಕಿ.ಮೀ. ದೂರದಲ್ಲಿದ್ದು, ಅರ್ಧ ದಿನದೊಳಗೆ ತಲುಪಬಹುದು.

ಶಿಮ್ಲಾ

ಶಿಮ್ಲಾಕ್ಕೆ ಹೋಗುವ ದಾರಿಯೇ ಒಂದು ಪ್ರೇಕ್ಷಣೀಯ ಸ್ಥಳ. 1903ರಲ್ಲಿ ಸಂಚಾರ ಆರಂಭಿಸಿದ ಕಾಲ್ಕಾ–ಶಿಮ್ಲಾ ರೈಲುಮಾರ್ಗವು ಸುಮಾರು 96 ಕಿ.ಮೀ. ಉದ್ದವಿದ್ದು, 762 ಮಿಲಿಮೀಟರ್ ಅಗಲದ ಕಿರಿದಾದ ಹಳಿಗಳ ಮೇಲೆ ಸಾಗುತ್ತದೆ. ಸುಮಾರು 650 ಮೀಟರ್ ಎತ್ತರದ ಕಾಲ್ಕಾದಿಂದ 2,000 ಮೀಟರಿಗೂ ಮೇಲಿರುವ ಶಿಮ್ಲಾಕ್ಕೆ ಏರುವಾಗ ನೂರಕ್ಕೂ ಹೆಚ್ಚು ಸುರಂಗಗಳನ್ನೂ ಎಂಟುನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟುತ್ತದೆ. ಸೇತುವೆಗಳಲ್ಲಿ ಹಲವು ಕಲ್ಲಿನ ಕಮಾನುಗಳ ಸಾಲುಗಳು. ಬಡೋಗ್‌ನಲ್ಲಿರುವ ಅತಿ ಉದ್ದದ ಸುರಂಗ ಒಂದು ಕಿಲೋಮೀಟರಿಗೂ ಮಿಗಿಲಾದುದು. ಅಲ್ಲಿ ಎರಡು ಬದಿಗಳಿಂದ ಕೊರೆದ ಸುರಂಗದ ತುದಿಗಳು ಸಂಧಿಸದೆ, ಎಂಜಿನಿಯರನು ಅವಮಾನದಿಂದ ಪ್ರಾಣ ಕಳೆದುಕೊಂಡನೆಂಬ ಕಥೆಯನ್ನು ದಾರಿಯುದ್ದಕ್ಕೂ ಹೇಳುತ್ತಾರೆ. 2008ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವ ಪರಂಪರೆಯ ತಾಣವಾದ ಭಾರತದ ಪರ್ವತ ರೈಲುಮಾರ್ಗಗಳ ಪಟ್ಟಿಗೆ ಸೇರಿಸಿತು. ಪ್ರಯಾಣಕ್ಕೆ ಐದು ಗಂಟೆ ಬೇಕು; ಕಾರಿನಲ್ಲಿ ಇದಕ್ಕಿಂತ ಬೇಗ ತಲುಪಬಹುದು. ಆದರೂ ಹೋಗುವಾಗಲೋ ಬರುವಾಗಲೋ ಒಮ್ಮೆಯಾದರೂ ಈ ರೈಲಿನಲ್ಲಿ ಕೂರದವರ ಶಿಮ್ಲಾ ಪ್ರವಾಸ ಅಪೂರ್ಣವೆಂದೇ ಹೇಳಬೇಕು.

ಊರಿನ ನಡುವೆ ರಿಡ್ಜ್ ಎಂಬ ಬಯಲಿದೆ. ಇಲ್ಲಿ ಒಂದು ಪಕ್ಕಕ್ಕೆ ಬಿದ್ದ ಮಳೆ ಸಟ್ಲೆಜ್ ಮೂಲಕ ಅರಬ್ಬಿ ಸಮುದ್ರವನ್ನೂ ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಯಮುನೆಯ ಮೂಲಕ ಬಂಗಾಳ ಕೊಲ್ಲಿಯನ್ನೂ ಸೇರುತ್ತದೆ. ಬಯಲಿನ ಅಂಚಿನಲ್ಲಿ ಕ್ರೈಸ್ಟ್ ಚರ್ಚ್ ಇದೆ. ಮೇಲೆ ಜಾಖೂ ಬೆಟ್ಟದ ತುದಿಯಲ್ಲಿ ಹನುಮಂತನ ದೇವಾಲಯವೂ 108 ಅಡಿಯ ವಿಗ್ರಹವೂ ಇವೆ. ಜಾಖೂ ಕೋತಿಗಳು ಕನ್ನಡಕ ಕಸಿಯುವುದರಲ್ಲಿ ಹೆಸರುವಾಸಿ.

ವೈಸರಾಯ್ ನಿವಾಸವಾಗಿ 1888ರಲ್ಲಿ ಪೂರ್ಣಗೊಂಡ ಕಲ್ಲಿನ ಭವನದಲ್ಲಿ ಈಗ ಭಾರತೀಯ ಉನ್ನತ ಅಧ್ಯಯನ ಸಂಸ್ಥೆ ಇದೆ. ಈ ಭವನದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಮೈಸೂರಿನ ಇಂದಿನ ಅಂಬಾವಿಲಾಸ ಅರಮನೆಯ ವಿನ್ಯಾಸವೂ ಇವನದೇ. ಮೈಸೂರಿನ ಗುಮ್ಮಟ, ಕಮಾನುಗಳನ್ನು ಕಂಡವರಿಗೆ ಶಿಮ್ಲಾದ ಬೂದುಗಲ್ಲಿನ ಇಂಗ್ಲಿಷ್ ಶೈಲಿಯ ಕಟ್ಟಡ ಅದೇ ಕೈಯದೆಂದು ನಂಬುವುದು ಕಷ್ಟ. 1945ರ ಶಿಮ್ಲಾ ಸಮ್ಮೇಳನ ಇಲ್ಲಿಯೇ ನಡೆಯಿತು. ಭಾರತ ಮತ್ತು ಪಾಕಿಸ್ತಾನಗಳ ನಡುವಣ ಶಿಮ್ಲಾ ಒಪ್ಪಂದ 1972ರ ಜುಲೈ 2ರ ದಿನಾಂಕವನ್ನು ಹೊತ್ತಿದೆ.

ಕುಲ್ಲು ಮತ್ತು ಮನಾಲಿ

ಮನಾಲಿ ಇತರ ಗಿರಿಧಾಮಗಳಂತೆ ಏಣಿನ ಮೇಲಿರದೆ, ಸುಮಾರು 2,050 ಮೀಟರ್ ಎತ್ತರದಲ್ಲಿ ಬಿಯಾಸ್ ನದಿಯ ದಡದಲ್ಲೇ ಇದೆ. ದೇವದಾರು ತೋಪಿನೊಳಗಿನ ಹಿಡಿಂಬಾ ದೇವಾಲಯವನ್ನು 1553ರಲ್ಲಿ ರಾಜಾ ಬಹಾದೂರ್ ಸಿಂಗ್ ಕಟ್ಟಿಸಿದನು. ಒಂದರ ಮೇಲೊಂದು ಕುಗ್ಗುತ್ತ ಹೋಗುವ ಮರದ ಮಾಡುಗಳು, ಕೆತ್ತನೆಯ ಬಾಗಿಲು ಇದರ ವಿಶೇಷ. ಮಹಾಭಾರತದಲ್ಲಿ ರಾಕ್ಷಸಿಯಾಗಿ ಪರಿಚಿತಳಾದ ಘಟೋತ್ಕಚನ ತಾಯಿ ಇಲ್ಲಿ ಆರಾಧ್ಯ ದೇವತೆ.

ಮನಾಲಿಗೆ ಸಮೀಪದ ನಗ್ಗರ್ ಗ್ರಾಮವನ್ನು ಅವಸರದ ಪ್ರವಾಸಿಗರು ಬಿಟ್ಟುಬಿಡುತ್ತಾರೆ. ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್ 1947ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿ ನೆಲೆಸಿದ್ದನು. ಅವನ ಮನೆ ಈಗ ಕಲಾಸಂಗ್ರಹಾಲಯ. ಅವನ ಮಗ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ಸೊಸೆ, ನಟಿ ದೇವಿಕಾ ರಾಣಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು.

ಕುಲ್ಲುವಿನ ದಸರಾ ಆರಂಭವಾಗುವುದು ವಿಜಯದಶಮಿಯಂದು, ಅಂದರೆ ಮೈಸೂರಿನ ದಸರಾ ಮುಗಿಯುವ ದಿನ. ಢಾಲ್‌ಪುರ ಮೈದಾನದಲ್ಲಿ ಏಳು ದಿನಗಳ ಕಾಲ ನಡೆಯುವ ಈ ಉತ್ಸವಕ್ಕೆ ಸುತ್ತಲಿನ ಹಳ್ಳಿಗಳ ದೇವತೆಗಳು ಪಲ್ಲಕ್ಕಿಗಳಲ್ಲಿ ಬಂದು ರಘುನಾಥನಿಗೆ ವಂದನೆ ಸಲ್ಲಿಸುತ್ತವೆ. ಆ ವಾರ ಕುಲ್ಲುವಿನಲ್ಲಿ ವಸತಿ ದೊರೆಯುವುದು ಸುಲಭವಲ್ಲ.

ಮನಾಲಿಯಿಂದ ಉತ್ತರಕ್ಕೆ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವಿದೆ. ಚಳಿಗಾಲದಲ್ಲಿ ಹಿಮದಿಂದ ಮುಚ್ಚುವ ಈ ಮಾರ್ಗದಲ್ಲಿ ವಾಹನಗಳ ಸಂಖ್ಯೆಗೆ ಮಿತಿಯಿದ್ದು, ಮುಂಚಿತವಾಗಿ ಪರವಾನಗಿ ಪಡೆಯಬೇಕು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಈ ಏರುದಾರಿಯನ್ನು ತಪ್ಪಿಸಿ ನೇರವಾಗಿ ಲಾಹೌಲ್ ಕಣಿವೆಗೆ ಕೊಂಡೊಯ್ಯುತ್ತದೆ. ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಎತ್ತರದ ಬಾಧೆ ಕಾಣಿಸಿಕೊಳ್ಳಬಹುದು. ಆದಕಾರಣ ಬಯಲಿನಿಂದ ಬಂದ ಮರುದಿನವೇ ರೋಹ್ತಾಂಗಿಗೆ ಹೋಗದೆ, ಮನಾಲಿಯಲ್ಲಿ ಒಂದು ದಿನ ತಂಗಿ ಹೋಗುವುದು ಲೇಸು; ಹೃದಯ ಮತ್ತು ಶ್ವಾಸಕೋಶದ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯುವುದು ಅಗತ್ಯ.

ಧರ್ಮಶಾಲಾ

ಧರ್ಮಶಾಲಾದಲ್ಲಿ ಎರಡು ಊರುಗಳಿವೆ ಎನ್ನಬಹುದು. ಕೆಳಗಿನದು ಕಾಂಗ್ರಾ ಜಿಲ್ಲೆಯ ಆಡಳಿತ ಕೇಂದ್ರ. ಮೇಲಿನದು ಮೆಕ್ಲಿಯಾಡ್‌ಗಂಜ್. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪದಲ್ಲಿ ಸುಮಾರು 20,000 ಜನ ಮಡಿದರು. ಮೆಕ್ಲಿಯಾಡ್‌ಗಂಜ್ ಆ ಬಳಿಕ ಬಹುಕಾಲ ಕಳೆಗುಂದಿತ್ತು. ಅದಕ್ಕೆ ಮರುಜೀವ ಬಂದದ್ದು 1960ರಲ್ಲಿ ದಲೈ ಲಾಮಾ ಇಲ್ಲಿ ನೆಲೆಸಿದ ಮೇಲೆ. ಟಿಬೆಟನ್ನರ ಕೇಂದ್ರೀಯ ಆಡಳಿತದ ಕಚೇರಿಗಳೂ ಇಲ್ಲಿಯೇ ಇವೆ. ದೇವದಾರುಗಳ ನಡುವಿನ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ 1863ರಲ್ಲಿ ನಿಧನನಾದ ವೈಸರಾಯ್ ಎಲ್ಗಿನ್‌ನ ಸಮಾಧಿಯಿದೆ.

ಕನ್ನಡಿಗರಿಗೆ ಈ ಊರಿನ ವಾತಾವರಣ ಪೂರ್ತಿ ಅಪರಿಚಿತವೆನಿಸದು. ಅದೇ ದಶಕದಲ್ಲಿ ಆಗಿನ ಮೈಸೂರು ರಾಜ್ಯವು ಟಿಬೆಟನ್ ನಿರಾಶ್ರಿತರಿಗೆ ಬೈಲುಕುಪ್ಪೆ ಮತ್ತು ಮುಂಡಗೋಡಿನಲ್ಲಿ ಭೂಮಿ ನೀಡಿತು. ಲ್ಹಾಸಾದ ಸೆರಾ ವಿಹಾರ ಬೈಲುಕುಪ್ಪೆಯಲ್ಲಿಯೂ ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಮುಂಡಗೋಡಿನಲ್ಲಿಯೂ ಪುನಃ ಸ್ಥಾಪನೆಯಾದವು. ಧರ್ಮಶಾಲಾದಲ್ಲಿ ಕನ್ನಡ ಬಲ್ಲ ಭಿಕ್ಷುವೊಬ್ಬರು ಎದುರಾದರೆ ಅಚ್ಚರಿಪಡಬೇಕಿಲ್ಲ.

ಡಾಲ್‌ಹೌಸಿ ಮತ್ತು ಕಸೌಲಿ

ಐದು ಗುಡ್ಡಗಳ ಮೇಲೆ ಹರಡಿರುವ ಡಾಲ್‌ಹೌಸಿ ಶಿಮ್ಲಾಕ್ಕಿಂತ ಶಾಂತ. ರವೀಂದ್ರನಾಥ ಠಾಕೂರರು ಬಾಲಕರಾಗಿದ್ದಾಗ, 1873ರಲ್ಲಿ, ತಂದೆಯೊಡನೆ ಇಲ್ಲಿಯ ಬಕ್ರೋಟಾ ಗುಡ್ಡದಲ್ಲಿ ತಂಗಿದ್ದರು. ಭಗತ್ ಸಿಂಗನ ಚಿಕ್ಕಪ್ಪ ಅಜಿತ್ ಸಿಂಗ್ 1947ರ ಆಗಸ್ಟ್ 15ರಂದು, ಸ್ವಾತಂತ್ರ್ಯ ಬಂದ ದಿನವೇ, ಇಲ್ಲಿ ಕೊನೆಯುಸಿರೆಳೆದನು. ಕಸೌಲಿ ಕಾಲ್ಕಾಕ್ಕೆ ಹತ್ತಿರದ ಪುಟ್ಟ ದಂಡುಪ್ರದೇಶ. ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ 1900ರಲ್ಲಿ ಇಲ್ಲಿ ಪ್ಯಾಶ್ಚರ್ ಸಂಸ್ಥೆ ಸ್ಥಾಪನೆಯಾಯಿತು.

ಏಳು ದಿನಗಳ ಹಂಚಿಕೆ

ಪೂರ್ವದ ಮಾರ್ಗದಲ್ಲಿ ಮೊದಲ ದಿನ ಕಾಲ್ಕಾದಿಂದ ರೈಲಿನಲ್ಲಿ ಶಿಮ್ಲಾ, ಎರಡನೆಯ ದಿನ ಪೂರ್ತಿ ಅಲ್ಲಿಯೇ ವಾಸ, ಮೂರನೆಯ ದಿನ ಮನಾಲಿಗೆ ಪ್ರಯಾಣ, ನಾಲ್ಕರಿಂದ ಆರನೆಯ ದಿನದವರೆಗೆ ಮನಾಲಿ, ನಗ್ಗರ್ ಮತ್ತು ಅಟಲ್ ಸುರಂಗದ ಆಚೆಯ ಲಾಹೌಲ್, ಏಳನೆಯ ದಿನ ಚಂಡೀಗಡಕ್ಕೆ ವಾಪಸ್. ಮೂರನೆಯ ಮತ್ತು ಏಳನೆಯ ದಿನಗಳಲ್ಲಿ ಬೇರೇನನ್ನೂ ಇಟ್ಟುಕೊಳ್ಳುವಂತಿಲ್ಲ. ಪಶ್ಚಿಮದ ಮಾರ್ಗದಲ್ಲಿ ಪಠಾಣ್‌ಕೋಟಿನಿಂದ ಧರ್ಮಶಾಲಾಕ್ಕೆ ಹೋಗಿ ಮೂರು ರಾತ್ರಿ, ಬಳಿಕ ಡಾಲ್‌ಹೌಸಿಯಲ್ಲಿ ಎರಡು ರಾತ್ರಿ ತಂಗಿ ಪಠಾಣ್‌ಕೋಟಿಗೆ ಮರಳಬಹುದು. ವೃದ್ಧರು, ಮಕ್ಕಳು ಜೊತೆಯಲ್ಲಿದ್ದರೆ ಪ್ರಯಾಣ ಕಡಿಮೆಯಿರುವ ಈ ಎರಡನೆಯ ಮಾರ್ಗವೇ ಹಿತಕರ. ಶಿಮ್ಲಾ, ಮನಾಲಿ, ಧರ್ಮಶಾಲಾ, ಡಾಲ್‌ಹೌಸಿ ನಾಲ್ಕನ್ನೂ ಏಳು ದಿನಗಳಲ್ಲಿ ತೋರಿಸುವ ಪ್ರವಾಸಗಳೂ ಇವೆ. ಅವುಗಳಲ್ಲಿ ಹಗಲಿನ ಬಹುಭಾಗ ವಾಹನದ ಕಿಟಕಿಯ ಪಕ್ಕದಲ್ಲೇ ಕಳೆಯುತ್ತದೆ.

ಋತು, ನೀರು ಮತ್ತು ಭೂಕುಸಿತ

ಮಾರ್ಚ್‌ನಿಂದ ಜೂನ್ ಮಧ್ಯದವರೆಗೂ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೂ ಹವೆ ಹಿತವಾಗಿರುತ್ತದೆ. ಮಳೆ ತೊಳೆದ ಆಕಾಶದಲ್ಲಿ ಹಿಮಶಿಖರಗಳು ಸ್ಪಷ್ಟವಾಗಿ ಕಾಣುವುದು ಅಕ್ಟೋಬರಿನಲ್ಲಿ. ಹಿಮಪಾತ ನೋಡಬಯಸುವವರು ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ನಡುವೆ ಹೋಗುತ್ತಾರೆ.

ಮೇ ಮತ್ತು ಜೂನ್ ತಿಂಗಳುಗಳಲ್ಲಿ ಪ್ರವಾಸಿಗರ ಸಂಖ್ಯೆ ಏರುವಾಗಲೇ ನೀರಿನ ಸೆಲೆಗಳು ಬತ್ತುತ್ತವೆ. ಶಿಮ್ಲಾ ಸುಮಾರು 25,000 ಜನರಿಗೆಂದು ರೂಪುಗೊಂಡ ಊರು ಎನ್ನಲಾಗುತ್ತದೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1,69,578. ಗುಮ್ಮಾ, ಗಿರಿ ಮೊದಲಾದ ಕೆಳಗಿನ ಜಲಮೂಲಗಳಿಂದ ನೀರನ್ನು ಪಂಪುಗಳ ಮೂಲಕ ಮೇಲೆತ್ತಬೇಕು. 2015ರ ಕೊನೆಯಲ್ಲಿ ಅಶ್ವನಿ ಖಡ್ ಎಂಬ ಹಳ್ಳದ ನೀರಿಗೆ ಚರಂಡಿಯ ಕೊಳೆ ಸೇರಿ ನಗರದಲ್ಲಿ ಕಾಮಾಲೆ ಹಬ್ಬಿತು. 2018ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಲವು ಬಡಾವಣೆಗಳಿಗೆ ದಿನಗಟ್ಟಲೆ ನೀರು ಬಾರದೆ, ಶಿಮ್ಲಾಕ್ಕೆ ಬರಬೇಡಿರೆಂದು ನಿವಾಸಿಗಳೇ ಪ್ರವಾಸಿಗರನ್ನು ಕೇಳಿಕೊಂಡರು. ಬೇಸಿಗೆಯಲ್ಲಿ ಹೋಟೆಲ್ ಕಾಯ್ದಿರಿಸುವಾಗ ಅಲ್ಲಿ ನೀರು ಹೇಗೆ ಬರುತ್ತದೆಂದು ವಿಚಾರಿಸುವುದು ಅನವಶ್ಯಕ ಪ್ರಶ್ನೆಯಲ್ಲ.

ಮಳೆಗಾಲದ ಅಪಾಯ ಇನ್ನೂ ಗಂಭೀರ. ಹಿಮಾಲಯದ ಶಿಲೆಗಳು ಬಿರುಕುಬಿಟ್ಟ, ಸಡಿಲವಾದ ಶಿಲೆಗಳು. ರಸ್ತೆ ಅಗಲಿಸಲು ಇಳಿಜಾರನ್ನು ಕಡಿದಾಗಿ ಕತ್ತರಿಸಿದಲ್ಲಿ, ಚರಂಡಿಯಿಲ್ಲದೆ ಕಟ್ಟಡಗಳನ್ನು ಎಬ್ಬಿಸಿದಲ್ಲಿ ನೀರು ಇಂಗಿ ಮಣ್ಣು ಜಾರುತ್ತದೆ. 2023ರ ಜುಲೈಯಲ್ಲಿ ಬಿಯಾಸ್ ನದಿಯ ಪ್ರವಾಹ ಕುಲ್ಲು–ಮನಾಲಿ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಹಾಕಿತು. ಸಾವಿರಾರು ಪ್ರವಾಸಿಗರು ಸಿಕ್ಕಿಬಿದ್ದರು. ಅದೇ ವರ್ಷದ ಆಗಸ್ಟ್ 14ರಂದು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಶಿವಾಲಯವೊಂದರ ಮೇಲೆ ಗುಡ್ಡ ಕುಸಿದು 20 ಮಂದಿ ಮೃತಪಟ್ಟರು. ಅದೇ ಕುಸಿತದಲ್ಲಿ ಕಾಲ್ಕಾ–ಶಿಮ್ಲಾ ಮಾರ್ಗದ ಅಡಿಪಾಯ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ತೂಗಾಡಿದವು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಹೋಗಲೇಬೇಕಾದವರು ರಾತ್ರಿಯ ರಸ್ತೆ ಪ್ರಯಾಣವನ್ನು ಬಿಟ್ಟು, ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಗಳನ್ನು ಗಮನಿಸಿ, ಹಿಂದಿರುಗುವ ರೈಲು ಅಥವಾ ವಿಮಾನಕ್ಕೆ ಒಂದು ದಿನ ಮೊದಲೇ ಚಂಡೀಗಡಕ್ಕೋ ಪಠಾಣ್‌ಕೋಟಿಗೋ ಇಳಿದು ತಂಗುವಂತೆ ಪ್ರವಾಸವನ್ನು ಹೊಂದಿಸಿಕೊಳ್ಳಬೇಕು.