ಮೊರೊಕೊಚಾದ ರಕ್ತ

ಪೆರು ದೇಶದ ಮೊರೊಕೊಚಾ ಆಂಡೀಸ್ ಪರ್ವತಗಳ ನಡುವೆ, ಸುಮಾರು 4,500 ಮೀಟರ್ ಎತ್ತರದಲ್ಲಿ ಬೆಳೆದ ಗಣಿಯೂರು. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧಕ್ಕಿಂತ ತುಸುವೇ ಹೆಚ್ಚು. ಕೆಳಗಿನಿಂದ ಬಂದವರಿಗೆ ತಲೆ ಸಿಡಿದು ಹೊಟ್ಟೆ ತೊಳಸುತ್ತದೆ. ಊರಿನವರು ಇದಕ್ಕೆ ‘ಸೊರೊಚೆ’ ಎನ್ನುತ್ತಾರೆ. ಅದೇ ಗಾಳಿಯಲ್ಲಿ ಅಲ್ಲಿಯ ಕೂಲಿಗಳು ತಲೆಮಾರುಗಳಿಂದ ಅದಿರು ಅಗೆದಿದ್ದಾರೆ.

1889ರಲ್ಲಿ ಫ್ರಾನ್ಸ್‌ನ ಅಂಗರಚನಾ ತಜ್ಞ ಫ್ರಾನ್ಸ್ವಾ ವಿಯೊ ಈ ಊರಿಗೆ ಬಂದ. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ತೆಳುವಾಗಿಸಿ, ಗೆರೆ ಕೊರೆದ ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಡಿ ಕೆಂಪು ಕಣಗಳನ್ನು ಎಣಿಸುವುದು ಅವನ ಕೆಲಸ. ಕಡಲತೀರದ ಲಿಮಾದಲ್ಲಿ ಅವನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 50 ಲಕ್ಷ ಕಣಗಳಿದ್ದವು. ಮೊರೊಕೊಚಾದಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಅವು 80 ಲಕ್ಷ ಮುಟ್ಟಿದ್ದವು. ಗಾಳಿ ತೆಳುವಾದರೆ ದೇಹ ತಾನಾಗಿ ರಕ್ತ ಹೆಚ್ಚಿಸಿಕೊಳ್ಳುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಪುರಾವೆ ಅಲ್ಲಿಯವರೆಗೆ ಇರಲಿಲ್ಲ.

1921–22ರಲ್ಲಿ ಪೆರುವಿನದೇ ಸೆರೊ ದೆ ಪಾಸ್ಕೊದಲ್ಲಿ ಅಧ್ಯಯನ ನಡೆಸಿದ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್, ಎತ್ತರದಲ್ಲಿ ಬಾಳುವವರ ದೇಹಬಲ, ಬುದ್ಧಿಬಲ ಎರಡೂ ಕುಂದಿರುತ್ತವೆ ಎಂದು ಬರೆದ. ಅಲ್ಲೇ ಹುಟ್ಟಿ ಬೆಳೆದು ಗಣಿಯಲ್ಲಿ ದುಡಿಯುವವರ ಬಗ್ಗೆ ಆಡಿದ ಅನ್ಯಾಯದ ಮಾತದು. ಲಿಮಾದ ವೈದ್ಯ ಕಾರ್ಲೊಸ್ ಮೊಂಗೆ ಇದನ್ನು ಗಟ್ಟಿಯಾಗಿ ಅಲ್ಲಗಳೆದರು. ರಕ್ತ ಅತಿಯಾಗಿ ದಪ್ಪವಾಗಿ ನರಳುವ ಕೆಲವರ ಕಾಯಿಲೆಯನ್ನು ಅವರು 1925ರಲ್ಲಿ ಬೇರ್ಪಡಿಸಿ ವಿವರಿಸಿದರು. 1931ರಲ್ಲಿ ಆಂಡೀಸ್ ಜೀವಶಾಸ್ತ್ರ ಸಂಸ್ಥೆ ಹುಟ್ಟಿತು; ಆಲ್ಬರ್ಟೊ ಉರ್ಟಾಡೊ ಮತ್ತು ಜೊತೆಗಾರರು ಮೊರೊಕೊಚಾದವರ ಉಸಿರು, ರಕ್ತವನ್ನು ವರ್ಷಗಟ್ಟಲೆ ಅಳೆದರು.

ವಿಯೊ ಎಣಿಸಿದ ಕಣಗಳ ಹಿಂದೆ ಇದ್ದದ್ದು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು. ಆಮ್ಲಜನಕ ಇಳಿದಾಗ ಮುಖ್ಯವಾಗಿ ಮೂತ್ರಪಿಂಡ ಇದನ್ನು ಸುರಿಸಿ, ಅಸ್ಥಿಮಜ್ಜೆಗೆ ಕೆಂಪು ಕಣ ಹೆಚ್ಚಿಸಲು ಹೇಳುತ್ತದೆ. ಇದರ ಜೀನ್ 1985ರಲ್ಲಿ ಕೈಗೆ ಸಿಕ್ಕಿತು. ಆ ಜೀನನ್ನು ಎಬ್ಬಿಸುವ ‘ಎಚ್‌ಐಎಫ್-1’ ಪ್ರೋಟೀನನ್ನು ಗ್ರೆಗ್ ಸೆಮೆನ್ಜಾ 1990ರ ದಶಕದಲ್ಲಿ ಗುರುತಿಸಿದರು. ಜೀವಕೋಶ ಅದರ ಒಂದು ಭಾಗವನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಒಂದು ಕಿಣ್ವ ಅದಕ್ಕೆ ಗುರುತು ಹಾಕುತ್ತದೆ, ‘ವಿಎಚ್‌ಎಲ್’ ಪ್ರೋಟೀನು ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ; ಉಳಿದುಕೊಂಡದ್ದು ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಈ ವ್ಯವಸ್ಥೆ ಮೂತ್ರಪಿಂಡಕ್ಕಷ್ಟೇ ಸೀಮಿತವಲ್ಲ ಎಂದು ಪೀಟರ್ ರ‍್ಯಾಟ್‌ಕ್ಲಿಫ್ ತೋರಿಸಿದರು. ವಿಎಚ್‌ಎಲ್‌ನ ನಂಟನ್ನು ವಿಲಿಯಂ ಕೇಲಿನ್ ಹಿಡಿದರು. ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ಅಷ್ಟರಲ್ಲಿ ಹಳೆಯ ಮೊರೊಕೊಚಾ ಬಹುಪಾಲು ಬರಿದಾಗಿತ್ತು. ಟೊರೊಮೊಚೊ ತಾಮ್ರದ ಗಣಿಗೆ ಜಾಗ ಬಿಟ್ಟುಕೊಡಲು 2012ರಿಂದ ಜನರನ್ನು ಅಲ್ಲಿಂದ ಹೊಸ ಊರಿಗೆ ಸಾಗಿಸಲಾಯಿತು.